ಟೈಲರಕ್ಕನ ಹೊಳೆಯುವ ಅಂಗಿಗಳು

ಅಲ್ಲ ಕಣೇ ಪುಟ್ಟಿ, ನಿನ್ನ ಲೇಖನದ ಆ ಮೊದಲ ಸಾಲನ್ನು ಹೊಡೆದುಹಾಕು. "ಸಮಾಜಸೇವಕಿ" ಎಂದು ಬರೆದಿದ್ದೀಯಲ್ಲ, ಟೈಲರಕ್ಕ ಅದನ್ನು ನೋಡಿದರೆ ಕತ್ತರಿ ಹಿಡಿದುಕೊಂಡೇ ಬಂದಾಳು. ಅವಳು ಬಟ್ಟೆ ಹೊಲಿಯುವವಳು. ಅಷ್ಟು ಬರೆ, ಸಾಕು. ಬಸ್ ನಿಲ್ದಾಣದ ಹಿಂದಿನ ಬೀದಿ, ಬೀಗ ರಿಪೇರಿಯವನ ಪಕ್ಕದ ಕಡಿದಾದ ಮೆಟ್ಟಿಲು, ಮೇಲೆ ಹತ್ತಿದರೆ ಅವಳ ಅಂಗಡಿ. ಅದರ ಮೇಲೆ ಅಟ್ಟದಂಥ ಒಂದು ಕೋಣೆ, ಅದೇ ಮನೆ.

ಅಂಗಡಿ ಎಷ್ಟು ಚಿಕ್ಕದು ಅಂದರೆ, ಒಳಗೆ ಹೋದವರು ಹಿಂದೆ ತಿರುಗಬೇಕಾದರೆ ಹೊರಗೆ ಬಂದು ತಿರುಗಿ ಮತ್ತೆ ಒಳಗೆ ಹೋಗಬೇಕು. ಕಾಲಿನಲ್ಲಿ ತುಳಿಯುವ ಮಿಷನ್ನು ಎರಡು. ಒಂದು ಹೇಳಿದ ಮಾತು ಕೇಳುತ್ತದೆ, ಇನ್ನೊಂದು ಮುನಿಸಿಕೊಂಡಿರುತ್ತದೆ. ಬಟ್ಟೆ ಕತ್ತರಿಸುವ ಮೇಜು ನಿಜವಾಗಿ ಮೇಜಲ್ಲ, ಯಾವುದೋ ಹಳೇ ಕಟ್ಟಡ ಕೆಡವಿದಾಗ ಸಿಕ್ಕಿದ ಬಾಗಿಲು. ಬೀಗದ ಕೈ ತೂರಿಸುವ ತೂತು ಅದರಲ್ಲಿ ಹಾಗೆಯೇ ಉಳಿದಿದೆ. ಅಳತೆ ಕೊಡಲು ಬಂದ ಮಕ್ಕಳು ಮೇಜಿನ ಕೆಳಗೆ ನುಗ್ಗಿ ಆ ತೂತಿಗೆ ಕಣ್ಣಿಟ್ಟು, ಕತ್ತರಿ ಹೇಗೆ ಓಡುತ್ತದೆ ಎಂದು ನೋಡುತ್ತಾರೆ. ಕಿಟಕಿಯ ಹತ್ತಿರ ಅವಳ ಗಂಡನ ಇಸ್ತ್ರಿ ಪೆಟ್ಟಿಗೆ. ಊರಿಗೆಲ್ಲ ಅವರು ಇಸ್ತ್ರಿ ಮಾಮ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಆರು "ಹೂಂ". ಒಂದು ಸಲ ಅಂಗಿಯ ಕಾಲರು ಸುಟ್ಟಾಗ ಪೂರ್ತಿ ಒಂದು ವಾಕ್ಯ ಆಡಿದ್ದರಂತೆ, ಅದೂ ಆ ಅಂಗಿಯ ಹತ್ತಿರ ಕ್ಷಮೆ ಕೇಳುವುದಕ್ಕೆ.

ಟೈಲರಕ್ಕನ ಮುಖ್ಯ ಕೆಲಸ ಶಾಲೆಯ ಸಮವಸ್ತ್ರ. ಊರಿನ ಮೂರು ಶಾಲೆಯ ಮಕ್ಕಳೂ ಅವಳ ಟೇಪಿನ ಒಳಗೆ ಬಂದು ಹೋದವರೇ. ಮಕ್ಕಳಿಲ್ಲವಲ್ಲ ಎಂದು ಯಾರಾದರೂ ಕನಿಕರಪಡಲು ಹೊರಟರೆ, "ನಿಮ್ಮ ಮಕ್ಕಳು ನಿಮ್ಮ ಮಾತಿಗೆ ಕೈ ಎತ್ತಿ ನೆಟ್ಟಗೆ ನಿಲ್ತಾವಾ? ನನ್ನ ಮುಂದೆ ನಿಲ್ತಾವೆ," ಎಂದು ಬಾಯಿ ಮುಚ್ಚಿಸುತ್ತಾಳೆ. ಆದರೆ ಒಂದು ದೌರ್ಬಲ್ಯ. ಯಾರ ಹೆಸರೂ ಅವಳ ತಲೆಯಲ್ಲಿ ನಿಲ್ಲುವುದಿಲ್ಲ, ಅಳತೆ ಮಾತ್ರ ಅಳಿಸಿಹೋಗುವುದಿಲ್ಲ. ಮದುವೆಯಾಗಿ ಎರಡು ಮಕ್ಕಳಾದ ಗಂಡಸನ್ನು ಬೀದಿಯಲ್ಲಿ ನಿಲ್ಲಿಸಿ, "ಏನೋ ಎದೆ ಇಪ್ಪತ್ತೆಂಟು, ಚೆನ್ನಾಗಿದ್ದೀಯಾ?" ಎಂದು ಕೇಳುತ್ತಾಳೆ. ಅವನು ಹಿಂದೆ ಆರನೇ ಕ್ಲಾಸಿನಲ್ಲಿ ಇಪ್ಪತ್ತೆಂಟು. ಈಗ ಅವನ ಹೊಟ್ಟೆ ಎಲ್ಲಿಗೆ ಹೋಗಿದೆ ಎಂಬುದು ಅವಳಿಗೆ ಸಂಬಂಧವಿಲ್ಲ.

ಅಳತೆ ಪುಸ್ತಕ ಅಂತ ಉದ್ದನೆಯ, ಗಟ್ಟಿ ರಟ್ಟಿನ ಪುಸ್ತಕ ಒಂದಿರುತ್ತದೆ, ವರ್ಷಕ್ಕೊಂದು. ಮುಂದಿನಿಂದ ಗಿರಾಕಿಗಳು. ಹಿಂದಿನಿಂದ ತಿರುಗಿಸಿ ಹಿಡಿದರೆ ಬೀದಿಯ ಮಕ್ಕಳು. ಶಾಲೆ ಶುರುವಾಗುವ ಗದ್ದಲ ಮುಗಿದ ಮೇಲೆ ಉಳಿದ ತುಂಡುಗಳನ್ನೆಲ್ಲ ಜೋಡಿಸಿ, ನಿಲ್ದಾಣದ ಸುತ್ತ ಮಲಗುವ ಮಕ್ಕಳಿಗೆ ಅವಳು ಒಂದೊಂದು ಅಂಗಿ ಹೊಲಿಯುತ್ತಿದ್ದಳು. ನೀಲಿ ಬೆನ್ನು, ಬಿಳಿ ತೋಳು, ಹಸಿರು ಜೇಬು. ಮೂರು ಶಾಲೆಗೂ ಒಟ್ಟಿಗೆ ಸೇರಿಕೊಂಡ ಮಕ್ಕಳ ಹಾಗೆ ಕಾಣುತ್ತಿದ್ದವು. ಅವಳದು ಒಂದೇ ಷರತ್ತು. ಕೈ ತೊಳೆದುಕೊಂಡು ಬರಬೇಕು, ಸ್ಟೂಲಿನ ಮೇಲೆ ನಿಂತು ಸರಿಯಾಗಿ ಅಳತೆ ಕೊಡಬೇಕು. "ಅಂದಾಜಿನ ಅಂಗಿ ನಾನು ಯಾರಿಗೂ ಹೊಲಿಯಲ್ಲ" ಎನ್ನುವಳು. ನನ್ನ ರವಿಕೆಯನ್ನು ಮಾತ್ರ ಹೋದ ವರ್ಷ ಅಂದಾಜಿನಲ್ಲೇ ಹೊಲಿದು ಉಸಿರು ಕಟ್ಟಿಸಿದಳು. ಅದಿರಲಿ, ಅದನ್ನು ಬರೆಯಬೇಡ.

ಹೀಗೆ ಬರುತ್ತಿದ್ದ ಏಳು ಮಕ್ಕಳಲ್ಲಿ ಇಬ್ಬರನ್ನು ನೀನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಹುಡುಗಿ ಚಿನಕುರುಳಿ, ಆಗ ಹನ್ನೊಂದು ವರ್ಷವಿರಬಹುದು. ಬಾಯಿ ತೆಗೆದರೆ ಕಿಡಿ, ಅದಕ್ಕೇ ಆ ಹೆಸರು. ಅವಳ ತಮ್ಮ ಬಾಲಂಗೋಚಿ, ಏಳು ವರ್ಷದವನು. ಅಕ್ಕನ ಲಂಗದ ಅಂಚು ಹಿಡಿದೇ ನಡೆಯುತ್ತಿದ್ದ. ಅವಳು ಎಡಕ್ಕೆ ತಿರುಗಿದರೆ ಇವನೂ ಗಾಳಿಪಟದ ಬಾಲದ ಹಾಗೆ ಎಡಕ್ಕೆ. ಅಮ್ಮ ತೀರಿಕೊಂಡಿದ್ದಳು. ಅಪ್ಪನ ವಿಷಯ ಕೇಳಿದರೆ ಚಿನಕುರುಳಿ, "ಲಾರಿ ಹತ್ತಿ ಹೋದ. ಇನ್ನೂ ದಾರೀಲೇ ಇದ್ದಾನೆ" ಎಂದು ಮುಗಿಸಿಬಿಡುತ್ತಿದ್ದಳು.

ಹಾಗಾದರೆ ಮನೆಗೇ ಕರೆದುಕೊಳ್ಳಬಹುದಿತ್ತಲ್ಲ ಎಂದು ಹುಬ್ಬು ಹಾರಿಸಬೇಡ. ಟೈಲರಕ್ಕ ಕೇಳದೆ ಬಿಟ್ಟಿರಲಿಲ್ಲ. ಚಿನಕುರುಳಿಯೇ ಒಪ್ಪಿರಲಿಲ್ಲ. ಹಿಂದೊಮ್ಮೆ ಯಾರೋ ಒಳ್ಳೆಯ ಮನಸ್ಸಿನ ಹೆಂಗಸು ಇಬ್ಬರನ್ನೂ ಮನೆಗೆ ಕರೆದು ಊಟ ಹಾಕಿ, ಹುಡುಗ ಇರಲಿ, ಹುಡುಗಿಯನ್ನು ಬೇರೆ ಕಡೆ ನೋಡೋಣ ಎಂದಿದ್ದಳಂತೆ. ತಟ್ಟೆಯನ್ನು ಅಲ್ಲೇ ಬಿಟ್ಟು, ತಮ್ಮನನ್ನು ಎಳೆದುಕೊಂಡು ಓಡಿಬಂದವಳು ಅಂದಿನಿಂದ ಯಾರ ಹೊಸಿಲನ್ನೂ ನಂಬಿರಲಿಲ್ಲ. "ನಮಗೆ ಜಾಗ ಇದೆ ಅಕ್ಕ. ಟಿಕೆಟ್ ಕೌಂಟರ್ ಪಕ್ಕದ ಜಗಲಿ, ಗಾಳಿ ಚೆನ್ನಾಗಿ ಬರುತ್ತೆ," ಎಂದು ದೊಡ್ಡ ಮನೆಯ ಯಜಮಾನಿಯ ಹಾಗೆ ಹೇಳುತ್ತಿದ್ದಳು.

ಈಗ ಟೈಲರಕ್ಕ ಮಾಡಿದ ಎಡವಟ್ಟಿನ ಕಥೆಗೆ ಬರೋಣ. ಆ ವರ್ಷ ರಸ್ತೆ ಕೆಲಸದವರಿಗೆ ಮೇಲಂಗಿ ಹೊಲಿಯುವ ಕೆಲಸ ಅವಳಿಗೆ ಸಿಕ್ಕಿತ್ತು. ಆ ಮೇಲಂಗಿಗೆ ಒಂದು ಪಟ್ಟಿ ಹೊಲಿಯಬೇಕು, ನೋಡಿದ್ದೀಯಲ್ಲ, ಬೆಳಕು ಬಿದ್ದರೆ ಥಳಥಳ ಹೊಳೆಯುವಂಥದು. ಕೆಲಸ ಮುಗಿದ ಮೇಲೆ ಪಟ್ಟಿಯ ಒಂದು ಸುರುಳಿ ಉಳಿಯಿತು. ಅದಕ್ಕೆ ಸ್ವಲ್ಪ ದಿನ ಮುಂಚೆ ನಿಲ್ದಾಣದ ಕತ್ತಲ ತಿರುವಿನಲ್ಲಿ ಬಸ್ಸೊಂದು ಬಾಲಂಗೋಚಿಯ ಕಾಲಿನ ಪಕ್ಕದಲ್ಲೇ ಸರಕ್ಕನೆ ಹೋದದ್ದನ್ನು ಟೈಲರಕ್ಕ ಕಣ್ಣಾರೆ ನೋಡಿದ್ದಳು. ಸರಿ, ಆ ಸಲದ ಏಳೂ ಅಂಗಿಗಳಿಗೆ ಬೆನ್ನಿಗೆ ಒಂದು, ತೋಳಿಗೆ ಒಂದೊಂದು, ಜೇಬಿನ ಬಾಯಿಗೂ ಒಂದು ಎಂದು ಪಟ್ಟಿ ಹೊಲಿದದ್ದೇ ಹೊಲಿದದ್ದು. ಮಕ್ಕಳಿಗೆ ಹಿಗ್ಗೋ ಹಿಗ್ಗು. ಬಸ್ಸಿನ ದೀಪ ಬಿದ್ದಾಗಲೆಲ್ಲ ಕುಣಿದಾಡಿದರು. ಡ್ರೈವರುಗಳು ದೂರದಿಂದಲೇ ಹಾರ್ನು ಹೊಡೆದು ನಿಧಾನ ಮಾಡುತ್ತಿದ್ದರು. ಟೈಲರಕ್ಕ ತನ್ನ ಬುದ್ಧಿಗೆ ತಾನೇ ಮೆಚ್ಚಿಕೊಂಡು ಇಸ್ತ್ರಿ ಮಾಮನ ಕಡೆ ನೋಡಿದಳು. ಅವರು "ಹೂಂ" ಎಂದರು.

ಅದಾಗಿ ಒಂದು ವಾರಕ್ಕೆ ಕರ್ಫ್ಯೂ ಬಂತು. ಎರಡು ಅಂಗಡಿಯ ಬೀಗ ಒಡೆದಿದ್ದರು, ಯಾರೆಂದು ಗೊತ್ತಿಲ್ಲ. ಗೊತ್ತಿಲ್ಲದಿದ್ದಾಗ ಪುರಸಭೆಯವರು ಏನಾದರೂ ಮಾಡಲೇಬೇಕಲ್ಲ. ಹದಿನಾರು ವರ್ಷದೊಳಗಿನ ಮಕ್ಕಳು ರಾತ್ರಿ ಒಂಬತ್ತರ ಮೇಲೆ ದೊಡ್ಡವರ ಜೊತೆಯಿಲ್ಲದೆ ಬೀದಿಯಲ್ಲಿ ಇರಕೂಡದು, ಇದ್ದರೆ ಗಸ್ತಿನವರು ಕರೆದೊಯ್ಯತಕ್ಕದ್ದು ಎಂದು ಗೋಡೆಗೋಡೆಗೂ ಕಾಗದ ಅಂಟಿಸಿದರು. ಮಕ್ಕಳ ಸುರಕ್ಷತೆಗಾಗಿ ಎಂದು ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಮನೆಯಿರುವ ಮಕ್ಕಳು ಒಂಬತ್ತಕ್ಕೆ ಮೊದಲು ಮನೆ ಸೇರಿದರು. ಮನೆಯಿಲ್ಲದವರು ಕಾಗದದ ಕೆಳಗೇ ಮಲಗಿದರು.

ಮೊದಲ ದಿನವೇ ಏಳೂ ಮಕ್ಕಳು ಸಿಕ್ಕಿಬಿದ್ದರು. ಈ ವಿಷಯ ಟೈಲರಕ್ಕನಿಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ, ಗಸ್ತಿನ ದಫೇದಾರರು ಕಿತ್ತುಹೋದ ಗುಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಾಗ. ಒಳ್ಳೆಯ ಮನುಷ್ಯ. ಮೀಸೆ ಮಾತ್ರ ಸ್ವಲ್ಪ ಅತಿಯಾಯಿತು.

"ಅಕ್ಕ, ಈ ಗುಂಡಿ ಸ್ವಲ್ಪ ಹಾಕ್ಕೊಡಿ. ನಿನ್ನೆ ಓಡಿ ಓಡಿ ಕಿತ್ತೋಯ್ತು."

"ಕಳ್ಳ ಸಿಕ್ಕನಾ?"

"ಕಳ್ಳ ಇಲ್ಲ, ಮಕ್ಕಳು. ಕಾಲು ಗಂಟೇಲಿ ಏಳು ಜನ! ಮೇಲಿನವರೇ ಬೆನ್ನು ತಟ್ಟಿದ್ರು." ದಫೇದಾರರು ಮೀಸೆಯ ಕೆಳಗೆ ನಕ್ಕರು. "ಜೀಪಿನ ದೀಪ ಹಾಕಿದ್ವಿ ನೋಡಿ, ನಿಲ್ದಾಣದ ತುಂಬ ಥಳಥಳಾ ಅಂತ ಹೊಳೀತಾ ಇದ್ರು. ಒಬ್ಬ ಮರ ಹತ್ತಿ ಕೂತಿದ್ದ, ಮರವೇ ಮಿಂಚ್ತಿತ್ತು. ಇನ್ನೊಬ್ಬ, ಆ ಉದ್ದ ಕಾಲಿನೋನು, ಅಂಗಿ ಬಿಚ್ಚಿ ಎಸೆದು ಕತ್ತಲಲ್ಲಿ ಮಾಯ ಆಗ್ಬಿಟ್ಟ. ಹೋದ ಅಂದ್ಕೊಂಡ್ವಿ. ಐದು ನಿಮಿಷ ಬಿಟ್ಟು ತಾನೇ ವಾಪಸ್ ಬಂದ."

"ಯಾಕೆ?"

"ಅಂಗಿ ತಗೊಂಡು ಹೋಗೋಕೆ! ಕಳ್ಕೊಂಡ್ರೆ ಟೈಲರಕ್ಕ ಬೈತಾರಂತೆ."

ಟೈಲರಕ್ಕನ ಕೈಯಲ್ಲಿದ್ದ ಸೂಜಿ ನಿಂತಿತು. ದಫೇದಾರರು ಅವಳ ಮುಖ ನೋಡಿದರು. ಆಮೇಲೆ ಕತ್ತರಿಸುವ ಮೇಜಿನ ಮೇಲೆ ಬಿದ್ದಿದ್ದ ಪಟ್ಟಿಯ ಸುರುಳಿಯನ್ನು ನೋಡಿದರು. ಅವರ ಮೀಸೆ ನಿಧಾನವಾಗಿ ಇಳಿಯಿತು.

"ಆ ಹೊಳೆಯೋ ಪಟ್ಟೀನೂ ನಿಮ್ಮ ಹೊಲಿಗೆನಾ?"

"ಬಸ್ಸಿನೋರಿಗೆ ಕಾಣ್ಲಿ ಅಂತ ಹೊಲಿದಿದ್ದೆ. ನಿಮಗೆ ಕಾಣ್ಲಿ ಅಂತ ಅಲ್ಲ."

ಮಧ್ಯಾಹ್ನದ ಹೊತ್ತಿಗೆ ಐದು ಮಕ್ಕಳು ಹೊರಗೆ ಬಂದವು. ಒಬ್ಬನಿಗೆ ಸಂತೆಯಲ್ಲಿ ತರಕಾರಿ ಮಾರುವ ಅಮ್ಮ, ಇನ್ನೊಬ್ಬನಿಗೆ ಚಿಕ್ಕಪ್ಪ, ಹೀಗೆ ಯಾರಾದರೊಬ್ಬರು ಬಂದು ಸಹಿ ಹಾಕಿ ಬಿಡಿಸಿಕೊಂಡರು. ಆ ಮಕ್ಕಳು ನೇರ ಅಂಗಡಿಗೇ ಬಂದು ವರದಿ ಒಪ್ಪಿಸಿದವು. ರಾತ್ರಿ ಅವರನ್ನು ಪುರಸಭೆಯ ಸಭಾಂಗಣದಲ್ಲಿ ಕೂರಿಸಿದ್ದರಂತೆ. ಎಲ್ಲರೂ ಸರದಿಯ ಮೇಲೆ ಅಧ್ಯಕ್ಷರ ಕುರ್ಚಿಯಲ್ಲಿ ಗಿರಗಿರ ತಿರುಗಿದರಂತೆ. ಉದ್ದ ಕಾಲಿನವನಿಗೆ ಇನ್ನೂ ತಲೆ ಸುತ್ತುತ್ತಿತ್ತು. ಇಷ್ಟೆಲ್ಲ ನಗುನಗುತ್ತ ಹೇಳಿ, ಕೊನೆಗೆ ಅವನು ಮೆಲ್ಲಗೆ ಅಂದ: "ಚಿನಕುರುಳಿ ಮಾತ್ರ ತಿರುಗ್ಲಿಲ್ಲ ಅಕ್ಕ. ಅವಳಿಗೆ ಒಂದೂರು, ಬಾಲಂಗೋಚಿಗೆ ಇನ್ನೊಂದೂರು ಅಂತ ಅಲ್ಲಿದ್ದೋರು ಮಾತಾಡ್ತಿದ್ರು."

ಹುಡುಗಿಯರ ಆಶ್ರಮ ಒಂದು ದಿಕ್ಕಿಗೆ, ಹುಡುಗರದು ಇನ್ನೊಂದು ದಿಕ್ಕಿಗೆ. ನಡುವೆ ಒಂದು ದಿನದ ಬಸ್ ಪ್ರಯಾಣ. ಸಂಜೆ ನಾಲ್ಕಕ್ಕೆ ಮಕ್ಕಳ ಕಲ್ಯಾಣ ಸಮಿತಿ ಕೂರುತ್ತದೆ, ಅಲ್ಲಿ ತೀರ್ಮಾನ. ಟೈಲರಕ್ಕ ಮಿಷನ್ನಿನ ಮುಂದೆ ಕೂತು ಒಂದು ಹೊಲಿಗೆ ಹಾಕಿ ಎರಡು ಬಿಚ್ಚಿದಳು. ನಾನೇ ಹೊಲಿದು ಹಿಡಿದುಕೊಟ್ಟೆನಲ್ಲ ಎಂಬುದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು.

ಆ ಹೊತ್ತಿಗೆ ವಕೀಲಮ್ಮ ಬಂದದ್ದು ಪುಣ್ಯ. ಚಿಕ್ಕ ವಯಸ್ಸಿನವಳು, ಕರಿ ಕೋಟಿನ ತೋಳಿನ ಅಸ್ತರು ಹರಿದುಕೊಂಡು ಬಂದಿದ್ದಳು. ಟೈಲರಕ್ಕ ಅವಳಿಗೆ ಕೋಟು ತೊಡಿಸಿ, ತೋಳಿಗೆ ಪಿನ್ನು ಚುಚ್ಚುತ್ತಲೇ ವಿಷಯ ಹೇಳಿದಳು. ವಕೀಲಮ್ಮ ಕೇಳಿದ್ದೇ ತಡ, ಕೈ ಬೀಸಿಕೊಂಡು ಶುರು ಮಾಡಿದಳು.

"ಅಕ್ಕ, ಮಕ್ಕಳೇನು ಅಪರಾಧಿಗಳಲ್ಲ! ಒಂಬತ್ತರ ಮೇಲೆ ಮಗು ಬೀದೀಲಿದ್ರೆ ಅದು ಮಗುವಿನ ತಪ್ಪಲ್ಲ..."

"ಅಲ್ಲಾಡ್ಬೇಡಿ, ಚುಚ್ಚುತ್ತೆ."

"ಚುಚ್ಚಲಿ ಬಿಡಿ. ಠಾಣೇಲಿ ಇಡೋ ಹಾಗಿಲ್ಲ. ಒಂದು ದಿನದೊಳಗೆ ಸಮಿತಿ ಮುಂದೆ ಕರ್ಕೊಂಡು ಹೋಗ್ಬೇಕು. ಸಮಿತಿ ಮಗೂನೇ ಕೇಳ್ಬೇಕು, ನಿನಗೇನು ಬೇಕು ಅಂತ. ಬಲವಾದ ಕಾರಣ ಇಲ್ದೆ ಅಕ್ಕ ತಮ್ಮನ್ನ ಬೇರೆ ಮಾಡೋ ಹಾಗೂ ಇಲ್ಲ. ಆಶ್ರಮ ಅನ್ನೋದು ಕೊನೇ ದಾರಿ. ಹತ್ತಿರದಲ್ಲೇ ಮಗೂನ ಬಲ್ಲವರು, ಮಗು ಒಪ್ಪಿದವರು ಇದ್ರೆ ಅವರ ಹತ್ರ ಬಿಡಬಹುದು. ಅಯ್ಯೋ!"

"ನಾ ಹೇಳ್ಲಿಲ್ವಾ ಚುಚ್ಚುತ್ತೆ ಅಂತ."

"ನೀವು ಅವರನ್ನ ಎಷ್ಟು ವರ್ಷದಿಂದ ಬಲ್ಲಿರಿ?"

"ನಾಲ್ಕು."

"ಅದಕ್ಕೊಂದು ದಾಖಲೆ ಬೇಕಲ್ಲ ಅಕ್ಕ. ಫೋಟೋ, ಕಾಗದ, ಏನಾದ್ರೂ ಬರಹದಲ್ಲಿ ಇರೋದು. ಬರೀ ಬಾಯಿಮಾತು ನಡೆಯಲ್ಲ."

ಟೈಲರಕ್ಕ ಫೋಟೋ ತೆಗೆಯುವವಳಲ್ಲ. ತನ್ನ ಮದುವೆಯ ಫೋಟೋ ಎಲ್ಲಿದೆ ಎಂಬುದೇ ಅವಳಿಗೆ ಗೊತ್ತಿಲ್ಲ. ಅವಳು ಬೆರಳು ಕಚ್ಚಿಕೊಂಡು ನಿಂತಿದ್ದಾಗ ಇಸ್ತ್ರಿ ಮಾಮ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕಿಟ್ಟು, ಕಪಾಟಿನ ಮೇಲಿಂದ ನಾಲ್ಕು ವರ್ಷದ ಅಳತೆ ಪುಸ್ತಕಗಳನ್ನು ಇಳಿಸಿ, ಧೂಳು ಕೊಡವಿ, ಮೇಜಿನ ಮೇಲೆ ಇಟ್ಟರು. "ಇದು ಬರಹ ಅಲ್ವಾ?" ಎಂದರು. ಆ ದಿನದ ಮಾತಿನ ಲೆಕ್ಕ ಅವರಿಗೆ ಅಲ್ಲಿಗೇ ಮುಗಿಯಿತು.

ಸಮಿತಿಯ ಕೋಣೆ ನೀನು ನೋಡಿಲ್ಲ. ಗೋಡೆಗೆ ಹಳದಿ ಬಣ್ಣ, ಮೂಲೆಯಲ್ಲಿ ಒಂದು ಪೆಟ್ಟಿಗೆ ಆಟಿಕೆ. ಆಟಿಕೆ ಎಲ್ಲ ಹೊಸದಾಗಿಯೇ ಇತ್ತು. ಅಲ್ಲಿಗೆ ಬರುವ ಯಾವ ಮಗುವಿಗೂ ಆಡುವ ಮನಸ್ಸಿರುವುದಿಲ್ಲವಲ್ಲ. ಉದ್ದ ಮೇಜಿನ ಹಿಂದೆ ಸಮಿತಿಯ ಅಧ್ಯಕ್ಷಮ್ಮ, ಬೆಳ್ಳಗಿನ ಕೂದಲು, ಕುತ್ತಿಗೆಗೆ ದಾರದಲ್ಲಿ ತೂಗುಬಿಟ್ಟ ಕನ್ನಡಕ. ಅವರ ಪಕ್ಕದಲ್ಲಿ ಒಬ್ಬ ಸದಸ್ಯರು, ಪೆನ್ನಿನ ಟೋಪಿ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಮಕ್ಕಳನ್ನು ಕರೆತಂದ ದಫೇದಾರರು ಬಾಗಿಲ ಹತ್ತಿರ ನಿಂತಿದ್ದರು. ಚಿನಕುರುಳಿ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಬಾಲಂಗೋಚಿ ಅವಳ ಬೆನ್ನ ಹಿಂದೆ, ಅಂಗಿಯ ಹೊಳೆಯುವ ಪಟ್ಟಿಯನ್ನು ಉಗುರಿನಲ್ಲಿ ಕೆರೆಯುತ್ತಿದ್ದ. ವಕೀಲಮ್ಮ ಎದ್ದು ವಿಷಯ ಮಂಡಿಸಿದಳು. ಕೋಟಿನ ಒಂದು ತೋಳಿನಲ್ಲಿ ಪಿನ್ನುಗಳು ಇನ್ನೂ ಹಾಗೆಯೇ ಇದ್ದವು.

ಅಧ್ಯಕ್ಷಮ್ಮ ಟೈಲರಕ್ಕನನ್ನು ಕೇಳಿದರು: "ಈ ಹುಡುಗಿಯ ವಯಸ್ಸೆಷ್ಟಮ್ಮ?"

"ಎದೆ ಇಪ್ಪತ್ತಾರು, ಲಂಗದ ಉದ್ದ ಮೂವತ್ತನಾಲ್ಕು."

"ವಯಸ್ಸು ಕೇಳಿದ್ದು."

"ಅದೇ ಅಮ್ಮ, ಹೋದ ವರ್ಷ ಎದೆ ಇಪ್ಪತ್ತೈದಿತ್ತು. ಈ ಹುಡುಗ ಇಪ್ಪತ್ತಮೂರು. ಭುಜ ಸ್ವಲ್ಪ ಎಡಕ್ಕೆ ಇಳಿಜಾರು, ಯಾಕಂದ್ರೆ ಯಾವಾಗ್ಲೂ ಅಕ್ಕನ ಲಂಗ ಹಿಡ್ಕೊಂಡಿರ್ತಾನೆ."

ಚಿನಕುರುಳಿ ತಲೆ ಚಚ್ಚಿಕೊಂಡಳು. "ಹನ್ನೊಂದು ಅಮ್ಮ ನನಗೆ. ಇವನಿಗೆ ಏಳು. ಇವ್ರಿಗೆ ಹಾಗೆಲ್ಲ ಕೇಳಿದ್ರೆ ಗೊತ್ತಾಗಲ್ಲ."

ಅಧ್ಯಕ್ಷಮ್ಮನ ತುಟಿಯ ಮೂಲೆ ಅಲ್ಲಾಡಿತು. ಕನ್ನಡಕ ಏರಿಸಿ, ಟೈಲರಕ್ಕ ತಂದಿದ್ದ ನಾಲ್ಕರಲ್ಲಿ ಎಲ್ಲಕ್ಕಿಂತ ಹಳೆಯ ಅಳತೆ ಪುಸ್ತಕವನ್ನು ಹಿಂದಿನಿಂದ ತೆರೆದರು. ಮೊದಲ ಸಾಲಿನಲ್ಲೇ ನಿಂತರು. "ಇದೇನಿದು? 'ಇಬ್ಬರೂ ಸೇರಿ ಸುತ್ತಳತೆ ಮೂವತ್ತಾರು' ಅಂತ ಬರ್ದಿದೆ?"

"ಅದಾ ಅಮ್ಮ, ಮೊದಲನೇ ಸಲ ಬಂದಾಗ ಆ ಹುಡುಗ ಅಕ್ಕನ್ನ ಬಿಡ್ಲೇ ಇಲ್ಲ. ತಬ್ಕೊಂಡು ಬಿಟ್ಟಿದ್ದ. ಎಳೆದ್ರೂ ಬರ್ಲಿಲ್ಲ. ಅಳತೆ ತಗೊಳ್ದೆ ಇರೋಕಾಗುತ್ತಾ? ಅದಕ್ಕೆ ಇಬ್ಬರನ್ನೂ ಸೇರಿಸಿ ಟೇಪ್ ಸುತ್ತಿದೆ. ಆಮೇಲೆ ಅವಳೊಬ್ಬಳದನ್ನ ತಗೊಂಡು ಅವನದನ್ನ ಲೆಕ್ಕ ಹಾಕಿದೆ."

ಸದಸ್ಯರು ಪೆನ್ನಿನ ಟೋಪಿ ಹಾಕಿದರು. "ಎಲ್ಲ ಸರಿ. ಆದರೆ ಈ ಪುಸ್ತಕ ನಾಲ್ಕು ವರ್ಷದ್ದು ಅನ್ನೋದಕ್ಕೆ ಏನು ಖಾತ್ರಿ? ಇವತ್ತು ಮಧ್ಯಾಹ್ನ ಕೂತು ಬರೆದಿರಬಹುದಲ್ಲ. ಇದರಲ್ಲಿರೋ ಯಾವುದಾದರೂ ಒಂದು ಸಾಲನ್ನ, ಹೌದು ಆ ದಿನ ಹೀಗೇ ಆಯ್ತು ಅಂತ ಹೇಳೋರು ಯಾರಾದ್ರೂ ಇದ್ದಾರಾ?"

ಟೈಲರಕ್ಕ ಕೋಣೆಯ ಸುತ್ತ ಕಣ್ಣಾಡಿಸಿದಳು. ಪುಸ್ತಕದಲ್ಲಿ ನೂರಾರು ಜನ ಇದ್ದಾರೆ, ಈ ಕೋಣೆಯಲ್ಲಿ ಯಾರಿದ್ದಾರೆ? ಬಾಲಂಗೋಚಿ ಅಕ್ಕನ ಲಂಗದ ಅಂಚನ್ನು ಮುಷ್ಟಿಗೆ ಎರಡು ಸುತ್ತು ಸುತ್ತಿಕೊಂಡ.

ಆಗ ಬಾಗಿಲ ಹತ್ತಿರ ಕೆಮ್ಮು ಕೇಳಿಸಿತು. ದಫೇದಾರರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಒಂದು ಹೆಜ್ಜೆ ಮುಂದೆ ಬಂದರು.

"ಅಮ್ಮ, ನಾನು ಹೇಳ್ತೀನಿ. ಎರಡು ವರ್ಷದ ಹಿಂದೆ ನನಗೆ ಬಡ್ತಿ ಬಂದಾಗ ಹೊಸ ಪ್ಯಾಂಟಿಗೆ ಅಳತೆ ಕೊಟ್ಟಿದ್ದೆ. ಆ ಪುಸ್ತಕದಲ್ಲಿ ನನ್ನ ಸೊಂಟ ಇರ್ಬೇಕು."

ಅಧ್ಯಕ್ಷಮ್ಮ ಆ ವರ್ಷದ ಪುಸ್ತಕ ತಿರುವಿ ತಿರುವಿ ಹುಡುಕಿದರು. ಸಿಕ್ಕಿತು. ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. "ಜೋರಾಗಿ ಓದಬಹುದಾ?"

ದಫೇದಾರರು ಕಣ್ಣು ಮುಚ್ಚಿದರು. "ಓದಿ ಅಮ್ಮ."

"'ದಫೇದಾರರು. ಸೊಂಟ ನಲವತ್ತಮೂರು. ಮೂವತ್ತೆಂಟು ಎಂದು ಬರೆಯಲು ಹೇಳಿದರು. ಬರೆಯಲಿಲ್ಲ.'"

ಸದಸ್ಯರ ಪೆನ್ನಿನ ಟೋಪಿ ಕೆಳಗೆ ಬಿತ್ತು. ವಕೀಲಮ್ಮ ಕೆಮ್ಮುವ ನೆಪದಲ್ಲಿ ಗೋಡೆಯ ಕಡೆ ತಿರುಗಿದಳು. ದಫೇದಾರರ ಕಿವಿ ಕೆಂಪಾಗಿತ್ತು. ಆದರೂ ಬಿಡದೆ ಹೇಳಿದರು: "ನಿಜ ಅಮ್ಮ. ಆವತ್ತು ನಾನು ಉಸಿರು ಬಿಗಿ ಹಿಡ್ಕೊಂಡು ನಿಂತಿದ್ದೆ. ಮೇಜಿನ ಕೆಳಗಿಂದ ಈ ಹುಡುಗಿ, 'ಉಸಿರು ಬಿಡಿ ಮಾಮ, ಸತ್ತೋಗ್ತೀರಾ' ಅಂದ್ಲು. ಇವಳ ತಮ್ಮ ಬಿದ್ದೂ ಬಿದ್ದೂ ನಕ್ಕ. ನಗು ತಡೀಲಾರ್ದೆ ನನ್ನ ಉಸಿರೂ ಹೋಯ್ತು, ಸೊಂಟಾನೂ ನಲವತ್ತಮೂರಾಯ್ತು. ತಾರೀಖು ನೋಡಿ, ಪುಸ್ತಕದ ಹಿಂಬದಿಯಲ್ಲಿ ಈ ಮಕ್ಕಳ ಅಳತೇನೂ ಅದೇ ದಿನದ್ದಿರುತ್ತೆ."

ಅಧ್ಯಕ್ಷಮ್ಮ ಪುಸ್ತಕ ತಿರುಗಿಸಿ ನೋಡಿದರು. ಅದೇ ದಿನದ್ದಿತ್ತು.

ಗಂಡಸು ತನ್ನ ಸೊಂಟದ ಅಳತೆಯನ್ನು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳುವುದು ಎಷ್ಟು ದೊಡ್ಡ ಮಾತು ಎಂದು ನಿನಗೆ ಗೊತ್ತಿಲ್ಲ ಪುಟ್ಟಿ. ನಿನ್ನ ತಾತ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ.

ಆಮೇಲೆ ಅಧ್ಯಕ್ಷಮ್ಮ ಚಿನಕುರುಳಿಯನ್ನು ಹತ್ತಿರ ಕರೆದರು. ತಾವೇ ಎದ್ದು ಬಂದು ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತರು. "ನೀನು ಹೇಳಮ್ಮ. ನಿನ್ನ ಮಾತು ಕೇಳದೆ ನಾವೇನೂ ಬರೆಯೋ ಹಾಗಿಲ್ಲ."

ಚಿನಕುರುಳಿ ಗೋಡೆಯ ಮೇಲಿದ್ದ ಕರ್ಫ್ಯೂ ಕಾಗದವನ್ನು ತೋರಿಸಿದಳು. "ಅದರಲ್ಲಿ ಒಂಬತ್ತರ ಮೇಲೆ ಮನೇಲಿರಿ ಅಂತ ಬರ್ದಿದೆ. ಮನೆ ಯಾವ್ದು ಅಂತ ಬರ್ದಿಲ್ಲ. ಇನ್ನೊಂದು ವಿಷಯ. ಇವ್ರು ನಮ್ಮನ್ನ ಹಿಡಿದಾಗ ನಿಲ್ದಾಣದ ಗಡಿಯಾರದಲ್ಲಿ ಎಂಟೂ ನಲವತ್ತಾಗಿತ್ತು."

"ಆ ಗಡಿಯಾರ ಅರ್ಧ ಗಂಟೆ ಹಿಂದೆ ಇದೆ," ಎಂದರು ದಫೇದಾರರು.

"ಅದು ನಮ್ಮ ತಪ್ಪಾ?"

"ಅಲ್ಲ," ಎಂದರು ಅಧ್ಯಕ್ಷಮ್ಮ ಗಂಭೀರವಾಗಿ. "ನಿನಗೆ ಏನು ಬೇಕು?"

ಆ ಬಾಯಿಬಡುಕಿ ತಮ್ಮನ ಮುಷ್ಟಿಯ ಮೇಲೆ ಕೈಯಿಟ್ಟಳು. ಆಮೇಲೆ, "ಇವನಿಗೆ ನನ್ನ ಬೆನ್ನು ಮುಟ್ಟದೆ ನಿದ್ದೆ ಬರಲ್ಲ," ಎಂದಳು. "ಎಲ್ಲಿಗೆ ಬೇಕಾದ್ರೂ ಕಳಿಸಿ. ಇಬ್ಬರನ್ನೂ ಒಂದೇ ಕಡೆ ಕಳಿಸಿ."

"ಟೈಲರಕ್ಕನ ಮನೆಯಾದ್ರೆ?"

ಚಿನಕುರುಳಿ ಟೈಲರಕ್ಕನ ಕಡೆ ತಿರುಗಿ, ಗಿರಾಕಿಯ ಹಾಗೆ ಕೇಳಿದಳು: "ಇಬ್ಬರೂ?"

"ಇಬ್ಬರೂ."

"ಆಮೇಲೆ ಯಾರಾದ್ರೂ ಬಂದು ಒಬ್ಬನ್ನ ಕೇಳಿದ್ರೆ?"

"ಕತ್ತರಿ ತೋರಿಸ್ತೀನಿ."

ಸದಸ್ಯರಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. ಈಗ ಉತ್ಸಾಹದಲ್ಲಿ ಒಪ್ಪುತ್ತೀರಿ, ಮುಂದಿನ ವರ್ಷವೂ ಈ ಮನಸ್ಸು ಇರುತ್ತದೆಯೇ ಎಂದರು. ಟೈಲರಕ್ಕನಿಗೆ ಮಾತಿನಲ್ಲಿ ಉತ್ತರ ಕೊಡಲು ಬರುವುದಿಲ್ಲ. ಸೀದಾ ಹೋಗಿ, ತಾನೇ ಹೊಲಿದುಕೊಟ್ಟಿದ್ದ ಚಿನಕುರುಳಿಯ ಲಂಗದ ಅಂಚನ್ನು ಮಗುಚಿ ತೋರಿಸಿದಳು. ಒಳಗೆ ಬಟ್ಟೆಯನ್ನು ಒಂದರ ಮೇಲೊಂದು ಮಡಿಚಿ ಹೊಲಿದಿತ್ತು. "ಒಂದೊಂದು ಮಡಿಕೆ ಒಂದೊಂದು ವರ್ಷಕ್ಕೆ ಸ್ವಾಮಿ. ವರ್ಷ ವರ್ಷ ಒಂದು ಬಿಚ್ತೀನಿ. ಇನ್ನೂ ಮೂರಿದೆ."

ಸದಸ್ಯರು ಪೆನ್ನು ತೆರೆದು ಬರೆಯಲು ಶುರುಮಾಡಿದರು.

ಮೊದಲು ಮೂರು ತಿಂಗಳು, ಸರಿಯಾಗಿದ್ದರೆ ಆಮೇಲೆ ವರ್ಷಕ್ಕೊಮ್ಮೆ ಮುಂದುವರಿಸುವುದು ಎಂದು ಸಮಿತಿ ತೀರ್ಮಾನಿಸಿತು. ಪುರಸಭೆಗೂ ಅಧ್ಯಕ್ಷಮ್ಮ ಒಂದು ಪತ್ರ ಹಾಕಿದರು. ಸ್ವಲ್ಪ ಕಟುವಾಗಿಯೇ ಇತ್ತಂತೆ. ತಿಂಗಳೊಳಗೆ ಗೋಡೆಯ ಕಾಗದ ಬದಲಾಯಿತು. ಗಸ್ತಿನವರು ಮಗುವನ್ನು ಹಿಡಿಯತಕ್ಕದ್ದಲ್ಲ, ಎಲ್ಲಿ ಮಲಗುವೆ ಎಂದು ಕೇಳತಕ್ಕದ್ದು, ಜಾಗವಿಲ್ಲ ಎಂದರೆ ಗ್ರಂಥಾಲಯದ ಹಿಂದಿನ ಕೋಣೆಗೆ ಕರೆದೊಯ್ದು ಹಾಸಿಗೆ ಕೊಡತಕ್ಕದ್ದು. ಈಗ ದಫೇದಾರರು ಎರಡೂ ಕೈಗೆ ಒಂದೊಂದು ಮಗು ಹಿಡಿದುಕೊಂಡು ಹೋಗುವುದನ್ನು ನೋಡಬೇಕು ನೀನು. ಮಕ್ಕಳು ಅವರನ್ನು "ನಲವತ್ತಮೂರು ಮಾಮ" ಎಂದೇ ಕರೆಯುತ್ತವೆ. ಮೊದಮೊದಲು ಸಿಡುಕುತ್ತಿದ್ದರು, ಈಗ ತಿರುಗಿ ನೋಡುತ್ತಾರೆ.

ಮನೆ ಸೇರಿದ ಮೇಲೆ ಎಲ್ಲ ಸರಾಗವಾಗಿ ನಡೆಯಿತು ಎಂದುಕೊಳ್ಳಬೇಡ. ಮೊದಲ ವಾರ ಇಬ್ಬರೂ ಹೊಸಿಲಿನಿಂದ ಒಳಗೆ ಮಲಗಲಿಲ್ಲ. ಬಾಲಂಗೋಚಿಗೆ ಸೂರು ನೋಡಿದರೆ ಮೇಲೆ ಬೀಳುತ್ತದೇನೋ ಎನಿಸುತ್ತಿತ್ತಂತೆ. ಟೈಲರಕ್ಕ ಬೈಯಲಿಲ್ಲ, ಕರೆಯಲೂ ಇಲ್ಲ. ದಿನಕ್ಕೆ ಒಂದು ಗೇಣು ಲೆಕ್ಕದಲ್ಲಿ ಹಾಸಿಗೆಯನ್ನು ಒಳಗೆ ಜರುಗಿಸುತ್ತ ಹೋದಳು. ಇಸ್ತ್ರಿ ಮಾಮ ತಮ್ಮ ಚಾಪೆಯನ್ನೂ ಹೊಸಿಲ ಹತ್ತಿರವೇ ಹಾಸಿಕೊಂಡು, ಮಕ್ಕಳ ಜೊತೆಜೊತೆಗೆ ಗೇಣು ಗೇಣೇ ಒಳಗೆ ಬಂದರು. ಈಗ ಆ ಮನುಷ್ಯ ಬಾಲಂಗೋಚಿಗೆ ಕಥೆ ಹೇಳುತ್ತಾರೆ ಅಂದರೆ ನೀನು ನಂಬುತ್ತೀಯಾ? ಟೈಲರಕ್ಕ ಕೆಳಗಿನಿಂದ ಕಿವಿಗೊಟ್ಟು ಕೇಳಿ, "ನನ್ನ ಹತ್ರ ಆಡ್ದೆ ಇಪ್ಪತ್ತು ವರ್ಷದಿಂದ ಇಟ್ಕೊಂಡಿದ್ದ ಮಾತೆಲ್ಲ ಅಲ್ಲಿ ಖರ್ಚಾಗ್ತಿದೆ," ಎಂದು ಗೊಣಗುತ್ತಾಳೆ. ಚಿನಕುರುಳಿ ಶಾಲೆಗೆ ಹೋಗುತ್ತಾಳೆ, ಟೀಚರ ಹತ್ತಿರ ವಾದ ಮಾಡುತ್ತಾಳೆ. ಬಾಲಂಗೋಚಿ ಬೇರೆ ಕ್ಲಾಸಿನಲ್ಲಿ ಒಬ್ಬನೇ ಕೂರುತ್ತಾನೆ. ಮೊದಲ ದಿನ ಹಾಗೆ ಕೂತು ಬಂದದ್ದಕ್ಕೆ ಟೈಲರಕ್ಕ ಬೀದಿಗೆಲ್ಲ ಬನ್ನು ಹಂಚಿದಳು. ನನಗೂ ಒಂದು ಬಂತು, ಸ್ವಲ್ಪ ಗಟ್ಟಿಯಿತ್ತು.

ಸರಿ, ಪೆನ್ನು ಮುಚ್ಚಿಡಬೇಡ, ಅದರಿಂದಲೇ ಕೆಲಸ ಇದೆ. ನಾಳೆ ಸಮಿತಿಯವರು ಮುಂದಿನ ವರ್ಷಕ್ಕೆ ಬರೆದುಕೊಡುವ ದಿನ. ಈ ಮಕ್ಕಳು ಇಲ್ಲಿ ಚೆನ್ನಾಗಿದ್ದಾರೆ ಎಂದು ಬೀದಿಯವರು ಇಬ್ಬರು ಸಹಿ ಹಾಕಿದ ಕಾಗದ ಕೊಡಬೇಕಂತೆ. ಅಗೋ, ಆ ಕಿಟಕಿಯ ಮೇಲಿದೆ ನೋಡು. ನಾನು ಹಾಕಿದ್ದೇನೆ, ಸ್ವಲ್ಪ ವಾರೆಯಾಗಿದೆ, ಇರಲಿ. ನೀನೂ ಈಗ ಈ ಬೀದಿಯವಳೇ, ನನ್ನ ಹೆಸರಿನ ಕೆಳಗೆ ನೆಟ್ಟಗೆ ಒಂದು ಸಹಿ ಹಾಕು. ಹಾಕಿ, ಅವಳು ಅಂಗಡಿ ಮುಚ್ಚುವುದರೊಳಗೆ ಓಡಿಹೋಗಿ ಕೊಟ್ಟು ಬಾ. ಅವಳ ಕೈಗೇ ಕೊಡು, ಮೇಜಿನ ಮೇಲೆ ಇಟ್ಟು ಬರಬೇಡ, ಬಟ್ಟೆಯ ಜೊತೆ ಅದನ್ನೂ ಕತ್ತರಿಸಿಬಿಟ್ಟಾಳು.